ಕಣ್ಣಿನ ಪಕ್ಕ ಎರಡು

ಅಣ್ಣಾ ನಗರ್, ಚೆನ್ನೈ
6 ಅಕ್ಟೋಬರ್ 2025

ನೀಲತ್ತೆಗೆ ರಂಜನಿಯ ಶರಣು.

ಕಾಗದ ನೋಡಿ ಗಾಬರಿಯಾಗಬೇಡಿ, ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಕಿವಿಗೆ ಫೋನಿನ ಮಾತು ಕೇಳದು, ಅಪ್ಪನದು ಇನ್ನೂ ಗುಂಡಿ ಒತ್ತುವ ಫೋನು, ನನ್ನ ಮೆಸೇಜು ಬಂದಿಲ್ಲವೆಂದು ನೀವು ದೇವರ ಜಗಲಿಯ ಮುಂದೆ ಚಿಂತೆ ಮಾಡುತ್ತ ಕೂತಿರುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ. ಇಲ್ಲಿ ತಮಿಳು ಓದಿ ಬೆಳೆದವಳು ನಾನು. ಬೇಸಿಗೆ ರಜೆಯಲ್ಲಿ ನೀವು ಕಿವಿ ಹಿಂಡಿ ಕಲಿಸಿದಷ್ಟೇ ನನ್ನ ಕನ್ನಡ.

ನಮ್ಮ ಆಫೀಸಿನಲ್ಲಿ ಕಳವಾಗಿದೆ. ಹಣ, ಕುರ್ಚಿ ಏನೂ ಹೋಗಿಲ್ಲ, ಹೆಸರು ಹೋಗಿದೆ. ಯಾವ ಕೆರೆಯಲ್ಲಿ ಎಷ್ಟು ನೀರಿದೆ, ಯಾವ ಬೀದಿಯವರು ಎಚ್ಚರವಾಗಿರಬೇಕು ಎಂದು ಗಿಂಡಿ ಬಡಾವಣೆಯ ನಮ್ಮ ಕೆರೆ ಮಾಹಿತಿ ಕೇಂದ್ರದ ಹೆಸರಿನಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಹಾಕುವುದು ನನ್ನ ಕೆಲಸ ತಾನೆ? ಆ ಸರ್ಕಾರಿ ಖಾತೆಗೇ ಯಾರೋ ಕನ್ನ ಹಾಕಿದರು. ರಜೆಯ ಹಿಂದಿನ ಮಂಗಳವಾರ ಆಫೀಸಿನಲ್ಲಿ ಆಯುಧ ಪೂಜೆಯಾಯಿತಲ್ಲ, ನೀವು ಟ್ಯಾಬಿನಲ್ಲಿ ನೇರಪ್ರಸಾರ ನೋಡಿದಿರಲ್ಲ, ಆ ಸಂಜೆಯೇ. ನಮ್ಮ ಕೆರೆಯ ಚಿತ್ರ ಹೋಗಿ ಒಂದು ರಾಕೆಟ್ ಬಂತು. ಯಾವುದೋ ಡಿಜಿಟಲ್ ನಾಣ್ಯ ಕೊಳ್ಳಿರಿ ಎಂದು ಇಂಗ್ಲಿಷಿನಲ್ಲಿ ಕರೆಯುತ್ತಿದ್ದಾರೆ. ಹಳೆಯ ವಿಡಿಯೋಗಳನ್ನೆಲ್ಲ ಅಳಿಸಿದ್ದಾರೆ, ಪೂಜೆಯದೂ ಹೋಯಿತು. ಮುಡಿಚೂರಿನ ಒಬ್ಬ ತಾತ ಮಾತ್ರ ದಿನಾ ಆ ರಾಕೆಟ್ಟಿನ ಕೆಳಗೆ ತಮಿಳಿನಲ್ಲಿ "ಏರಿ ತುಂಬಿತಾ?" ಎಂದು ಕೇಳುತ್ತಿದ್ದಾರೆ. ಏರಿ ಎಂದರೆ ಇಲ್ಲಿ ಕೆರೆ. ಪಾಪ, ಅದರ ಕೆಳಗೇ ಅವರ ಮನೆ.

ವಿಚಿತ್ರ ಏನೆಂದರೆ, ಪಾಸ್‌ವರ್ಡ್ ಬದಲಿಸಬೇಕಾದರೆ ಆಫೀಸಿನ ಒಂದು ಫೋನಿಗೆ ಒಟಿಪಿ ಬರುತ್ತದೆ, ಅದಿಲ್ಲದೆ ಯಾರೂ ಒಳಗೆ ಹೋಗಲಾಗದು. ಆ ಫೋನು ಪೂಜೆಯಲ್ಲಿತ್ತು. ಸರಸ್ವತಿಯ ಪಟಕ್ಕೆ ಒರಗಿಸಿ, ಗಂಧ ಕುಂಕುಮ ಹಚ್ಚಿ ಇಟ್ಟಿದ್ದೆ. ಪೂಜೆಗಿಟ್ಟದ್ದನ್ನು ಮುಟ್ಟಬಾರದಲ್ಲ, ಹಾಗೇ ಬಿಟ್ಟು ಬೀಗ ಹಾಕಿಕೊಂಡು ಬಂದೆವು. ಹಬ್ಬ ಮುಗಿದು ಶುಕ್ರವಾರ ತೆಗೆದು ನೋಡಿದರೆ ಒಟಿಪಿ ಮೆಸೇಜು ಅದರಲ್ಲೇ ಕೂತಿತ್ತು. ಮುಟ್ಟದ ಫೋನಿನಿಂದ ಅದು ಕಳ್ಳನ ಕೈಗೆ ಹೇಗೆ ಹೋಯಿತು ಎಂದು ಯಾರಿಗೂ ತಿಳಿಯುತ್ತಿಲ್ಲ.

ತನಿಖೆಗೆ ಎಲ್ಲರ ಫೋನನ್ನೂ ತೆಗೆದುಕೊಂಡಿದ್ದಾರೆ. ಬರುವವರೆಗೆ ಕಾಗದವೇ ಗತಿ.

ನಿಮ್ಮ
ಶಿವರಂಜನಿ


ರಾಣೆಬೆನ್ನೂರು
11 ಅಕ್ಟೋಬರ್ 2025

ಚಿ. ರಂಜನಿಗೆ ನೀಲಗಂಗಮ್ಮನ ಆಶೀರ್ವಾದ.

ಕೆಂಪು ಶಾಯಿ ಮುಟ್ಟಿಲ್ಲ, ಆದರೆ ಏಳು ತಪ್ಪಿವೆ. ಒಳಗೆ ಬನ್ನಿ ಎಲೆ ಇಟ್ಟಿದ್ದೇನೆ, ತಲೆಗೆ ಮುಡಿದುಕೋ. ನಿನ್ನಪ್ಪ ಪರಮೇಶನಿಗೂ ಎರಡು ಕೊಡು. ಮೆಣಸಿನಕಾಯಿ ವ್ಯಾಪಾರಕ್ಕೆಂದು ಚೆನ್ನೈನ ಪ್ಯಾರೀಸ್ ಕಾರ್ನರ್ ಸೇರಿದ ಮೇಲೆ ನನ್ನ ತಮ್ಮನಿಗೆ ಬನ್ನಿ ಬಂಗಾರವೆಲ್ಲ ಮರೆತುಹೋಗಿದೆ.

ಕಳವಾದದ್ದು ಕೇಳಿ ಕೆಟ್ಟೆನಿಸಿತು. ಹಾಗೆಂದು ನೀನು ಮುಖ ಸಣ್ಣ ಮಾಡಿಕೊಳ್ಳಬೇಡ. ನಿನಗೆ ಒಳ್ಳೆಯದೇ ಆಗುತ್ತದೆ, ಬರೆದಿಟ್ಟುಕೋ. ನನಗೆ ಹೇಗೆ ಗೊತ್ತು ಎಂದು ಕೇಳಬೇಡ, ಹೇಳುವ ಕಾಲ ಬಂದಾಗ ಹೇಳುತ್ತೇನೆ. ಆ ಕೆಲಸಕ್ಕೇ ಮೊನ್ನೆ ಅಂದಾನಿಯ ಫೋಟೋ ಸ್ಟುಡಿಯೋಗೆ ಹೋಗಿ ಬಂದೆ. ಅದನ್ನೂ ಕೇಳಬೇಡ.

ನಿಮ್ಮ ಆಫೀಸಿನ ಖಂಡೇಪೂಜೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಆ ಪ್ರತಾಪ್ ಎನ್ನುವ ಹುಡುಗ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದು, ನೀನು ಹಸಿರು ಸೀರೆಯಲ್ಲಿ ಮಂಡಕ್ಕಿ ತಟ್ಟೆ ಹಿಡಿದು ಓಡಾಡಿದ್ದು, ಎಲ್ಲ ಕಂಡಿತು. ಮಂತ್ರ ನನಗೆ ಕೇಳದು, ಕಣ್ಣೇ ಕಿವಿ. ಆಮೇಲೆ ಎಲ್ಲರೂ ಬೂದುಗುಂಬಳ ಒಡೆಯಲು ಕೆಳಗೆ ಹೋದಿರಿ. ಹಚ್ಚಿದ ದೀಪವನ್ನು ಒಂಟಿ ಬಿಟ್ಟು ಏಳಬಾರದು ಕಣೆ. ನೀವು ಎದ್ದುಹೋದಿರಿ ಎಂದು ನಾನು ಇಲ್ಲಿಂದಲೇ ಅದಕ್ಕೆ ಜೊತೆಯಾಗಿ ಕೂತೆ.

ಒಂದು ಕೇಳಬೇಕು. ಪೂಜೆಯ ಹೊತ್ತಿನಲ್ಲಿ ಟ್ಯಾಬಿನ ಮೂಲೆಯಲ್ಲಿ ಒಂದು ಕಣ್ಣಿನ ಗುರುತು, ಅದರ ಪಕ್ಕ ಅಂಕಿ ಕಾಣುತ್ತಿತ್ತು. ಮೊದಲು 40, 30 ಎಂದೆಲ್ಲ ಇದ್ದದ್ದು ನೀವು ಕೆಳಗೆ ಹೋದ ಮೇಲೆ ಇಳಿದು ಇಳಿದು 2 ಆಯಿತು. ಅದು ನೋಡುವವರ ಲೆಕ್ಕವೇ? ಹಾಗಾದರೆ ಒಬ್ಬಳು ನಾನು, ಇನ್ನೊಬ್ಬ ಪರಮೇಶನೇ ಇರಬೇಕು ಎಂದು ಖುಷಿಪಟ್ಟೆ. ಅವನನ್ನು ಕೇಳಿ ಬರೆ.

ನಿನ್ನ ಅತ್ತೆ
ನೀಲಗಂಗಮ್ಮ


ಅಣ್ಣಾ ನಗರ್
16 ಅಕ್ಟೋಬರ್ 2025

ನೀಲತ್ತೆಗೆ ಶರಣು.

ಬನ್ನಿ ಮುಟ್ಟಿತು. ಅಪ್ಪನನ್ನು ಕೇಳಿದೆ. "ನಾ ಎಲ್ಲಿ ನೋಡ್ಲವಾ? ಅಂಗಡ್ಯಾಗ ತಕ್ಕಡಿ ಪೂಜಿ ಮಾಡಾಕ ಹತ್ತಿದ್ದೆ. ನನ್ನ ಫೋನಿನ್ಯಾಗ ವಿಡಿಯೋ ಎಲ್ಲಿಂದ ಬರಬೇಕು?" ಎಂದರು. ಅದು ನೋಡುವವರ ಲೆಕ್ಕವೇ ಹೌದು. ಇನ್ನೊಬ್ಬರು ಯಾರೋ ದಾರಿಹೋಕರಿರಬೇಕು ಬಿಡಿ.

ನನಗೆ ಈಗ ಕಳ್ಳನ ಮೇಲೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಗಿದೆ. ಅವನು ಎಲ್ಲಿ ಕೂತಿದ್ದಾನೆ? ಕೆರೆಯ ಖಾತೆಯೇ ಅವನಿಗೆ ಯಾಕೆ ಬೇಕಿತ್ತು? ಹೆಸರಿನ ಮುಂದೆ ಸರ್ಕಾರಿ ಗುರುತು ಇದ್ದರೆ ಜನ ನಂಬುತ್ತಾರೆ, ಅದಕ್ಕೇ ಹಿಡಿಯುತ್ತಾರೆ ಎಂದು ಪ್ರತಾಪ್ ಹೇಳುತ್ತಾನೆ. ನಿನ್ನೆ ಮುಡಿಚೂರಿನ ತಾತ ರಾಕೆಟ್ಟಿಗೆ ಬೈದರಂತೆ: ಮಳೆಗಾಲ ಬಂತು, ನಾಣ್ಯ ಆಮೇಲೆ ಮಾರು, ಮೊದಲು ನೀರಿನ ಮಟ್ಟ ಹೇಳು ಎಂದು. ಪ್ರತಾಪ್ ಹೇಳಿದಾಗ ನಕ್ಕುಬಿಟ್ಟೆ, ಬಹಳ ದಿನದ ಮೇಲೆ.

ಎರಡು ದಿನ ರಜೆ ಹಾಕಿದ್ದೇನೆ, ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ಸೆಕೆ. ಒಳ್ಳೆಯದಾಗುತ್ತದೆ ಎಂದು ಇಷ್ಟು ಧೈರ್ಯವಾಗಿ ಹೇಳುತ್ತೀರಲ್ಲ, ನಿಮಗೇನು ಗೊತ್ತು ಅತ್ತೆ?

ರಂಜನಿ


ರಾಣೆಬೆನ್ನೂರು
24 ಅಕ್ಟೋಬರ್ 2025

ಚಿ. ರಂಜನಿಗೆ,

ದೀಪಾವಳಿ ಚೆನ್ನಾಗಾಯಿತು. ಕರ್ಚಿಕಾಯಿ ಮಾಡಿದ್ದೆ, ನಿನಗೆಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.

ನಾನು ಮೇಷ್ಟ್ರ ಕೆಲಸ ಮಾಡಿದವಳು, ಮಕ್ಕಳು ಏನು ಮುಚ್ಚಿಡುತ್ತಾರೆ ಎಂದು ನೋಡಿದರೇ ತಿಳಿಯುತ್ತದೆ. ಮಳೆಗಾಲದ ಬಾಗಿಲಲ್ಲಿ ನಿನಗೆ ಯಾವ ರಜೆ? ಹೆಣ್ಣು ನೋಡಲು ಬಂದಿದ್ದರೇನು? ನನಗೆ ಹೇಳದೆ ನಿನ್ನಪ್ಪ ಗಂಡು ಗೊತ್ತು ಮಾಡುವಷ್ಟು ದೊಡ್ಡವನಾದನೋ? ಹುಡುಗ ಯಾರು, ಯಾವ ಊರು, ಕನ್ನಡ ಮಾತಾಡುತ್ತಾನೋ ಇಲ್ಲವೋ ಬರೆ.

ಕಳವಿನ ಚಿಂತೆ ಬಿಡು. ನಿನ್ನ ಕೆಲಸ ಕಾಯಂ ಆಗುತ್ತದೆ. ಆದ ದಿನ ಗುಡಿಗೆ ಐದು ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತಿದ್ದೇನೆ.

ನಿನ್ನ ಅತ್ತೆ


ಅಣ್ಣಾ ನಗರ್
29 ಅಕ್ಟೋಬರ್ 2025

ಅತ್ತೆ,

ಹೆಣ್ಣು ನೋಡಲು ಯಾರೂ ಬಂದಿಲ್ಲ. ಬಂದವರು ಸೈಬರ್ ಪೊಲೀಸರು. ಸೋಫಾದಲ್ಲಿ ಕೂತು ಕಾಫಿ ಕುಡಿದು, ನನ್ನ ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಅಪ್ಪನ ಮುಂದೆಯೇ ಕೇಳಿದರು.

ಎಲ್ಲರ ಫೋನು ತೆಗೆದುಕೊಂಡರು ಎಂದು ಬರೆದದ್ದು ಸುಳ್ಳು. ತೆಗೆದುಕೊಂಡದ್ದು ನನ್ನೊಬ್ಬಳದು. ರಜೆಯೂ ಸುಳ್ಳು. ತನಿಖೆ ಮುಗಿಯುವವರೆಗೆ ಬರಬೇಡ ಎಂದಿದ್ದಾರೆ. ಒಟಿಪಿ ಬಂದದ್ದು, ಖಾತೆ ಹೋದದ್ದು, ಎರಡೂ ಕುಂಬಳ ಒಡೆಯುವ ಹೊತ್ತಿನಲ್ಲೇ. ಆಗ ಎಲ್ಲರೂ ಗೇಟಿನ ಹತ್ತಿರ ಇದ್ದರು. ಕರ್ಪೂರ ಮರೆತಿದ್ದೇವೆಂದು ಮೇಲಕ್ಕೆ ಓಡಿಹೋದವಳು ನಾನೊಬ್ಬಳೇ. ಫೋನು ನನ್ನ ಸುಪರ್ದಿಯದು, ಕೋಣೆಯಲ್ಲಿ ನಾನೊಬ್ಬಳೇ, ಹಾಗಾಗಿ ಅಂಕಿಗಳನ್ನು ಓದಿ ಕಳ್ಳನಿಗೆ ಕೊಟ್ಟವಳೂ ನಾನೇ. ನಾನು ಆ ಫೋನಿನ ಕಡೆ ನೋಡಲೂ ಇಲ್ಲ ಅತ್ತೆ. ಡಬ್ಬಿ ಎತ್ತಿಕೊಂಡು ಓಡಿದೆ, ಅಷ್ಟೆ. ಅದನ್ನು ಹೇಳಲು ನನ್ನ ಬಾಯಿ ಬಿಟ್ಟರೆ ಇನ್ನೇನೂ ಇಲ್ಲ. ವಿಡಿಯೋವನ್ನು ಅವನು ಅಳಿಸಿದ್ದಾನೆ, ಕಂಪನಿಯವರು ಅದನ್ನು ಹುಡುಕಿ ಕೊಡಲು ತಿಂಗಳುಗಟ್ಟಲೆ ಆಗುತ್ತದಂತೆ.

ನಮ್ಮ ಅಧಿಕಾರಿ ಸೀತಾ ಮೇಡಂ ಒಳ್ಳೆಯವರೇ. ನವೆಂಬರ್ ಇಪ್ಪತ್ತಕ್ಕೆ ವರದಿ ಕೊಡಬೇಕು, ಬೇರೆ ದಾರಿಯೇ ಕಾಣದಿದ್ದರೆ ನಿನ್ನ ಹೆಸರು ಬರೆಯಲೇಬೇಕಾಗುತ್ತದಮ್ಮ ಎಂದರು. ಕೆಲಸ ಹೋಗಲಿ, ಕಳ್ಳನ ಜೊತೆಗಾತಿ ಎಂಬ ಹೆಸರು ಹೊತ್ತುಕೊಂಡು ಎಲ್ಲಿಗೆ ಹೋಗಲಿ? ಅಪ್ಪ ಅಂಗಡಿಯಿಂದ ಬಂದವರು ಊಟ ಬೇಡ ಎಂದು ಮಲಗುತ್ತಾರೆ.

ಒಳ್ಳೆಯದಾಗುತ್ತದೆ ಎಂದು ದಯವಿಟ್ಟು ಇನ್ನೊಮ್ಮೆ ಬರೆಯಬೇಡಿ.

ರಂಜನಿ


ರಾಣೆಬೆನ್ನೂರು
3 ನವೆಂಬರ್ 2025

ಚಿ. ರಂಜನಿಗೆ,

ನಿನ್ನ ಕಾಗದ ಓದುತ್ತ ಒಲೆಯ ಮೇಲೆ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ಪರಮೇಶನ ಮೇಲೆ ಸಿಟ್ಟು ಬಂದಿದೆ. ಅಕ್ಕನಿಗೆ ಒಂದು ಸಾಲು ಬರೆಯಲು ಅವನಿಗೇನಾಗಿತ್ತು? ನಿನ್ನ ಮೇಲೂ ಇದೆ, ಆದರೆ ಅತ್ತ ಮೇಲೆ ಕಡಿಮೆಯಾಯಿತು.

ಪ್ರಸಾದ ಆದದ್ದನ್ನು ಫಲ ಸಿಗುವ ಮೊದಲು ಬಾಯಿಬಿಡಬಾರದು ಎನ್ನುತ್ತಾರೆ. ನಿನ್ನನ್ನು ಈ ಸ್ಥಿತಿಯಲ್ಲಿ ಇಟ್ಟು ನಾನು ಬಾಯಿ ಕಟ್ಟಿಕೊಂಡಿರಲಾರೆ. ಧೈರ್ಯ ಬರಲಿ ಎಂದು ಹೇಳುತ್ತೇನೆ, ಕೇಳು.

ಅವತ್ತು ಕೋಣೆ ಖಾಲಿಯಾದ ಮೇಲೆ ನಾನು ಟ್ಯಾಬಿನ ಮುಂದೆ ಕೈ ಮುಗಿದು ಕೂತಿದ್ದೆ. ನೀನು ಓಡಿ ಬಂದೆ. ಸೆರಗು ದೀಪಕ್ಕೆ ತಗಲೀತೆಂದು ನನ್ನ ಜೀವ ಹಾರಿತು. ನೀನು ಕರ್ಪೂರದ ಡಬ್ಬಿ ಎತ್ತಿಕೊಂಡು ಹೊರಟೇಹೋದೆ. ಆಮೇಲೆ ನಾನು ಕೇಳಿಕೊಂಡೆ: ತಂದೆ, ನಮ್ಮ ಹುಡುಗಿಯ ಕೆಲಸ ಕಾಯಂ ಆಗುವುದಾದರೆ ಒಂದು ಗುರುತು ಕೊಡು. ವೀರಭದ್ರನ ಗುಡಿಯಲ್ಲಿ ಬಲಗಡೆಯ ಹೂ ಬೀಳಲೆಂದು ಕಾಯುತ್ತೇವಲ್ಲ, ಹಾಗೆ ಕಾದೆ. ಹೂ ಬೀಳಲಿಲ್ಲ. ಯಾರೂ ಮುಟ್ಟದೆ, ಆ ಖಾಲಿ ಕೋಣೆಯಲ್ಲಿ, ಸರಸ್ವತಿಗೆ ಒರಗಿದ್ದ ಆ ಫೋನು ತಾನಾಗಿ ಬೆಳಗಿತು.

ದೀಪದ ಚಿತ್ರ ಇರಲಿ ಎಂದು ನೀನು ಕಲಿಸಿದ ಹಾಗೆ ಟ್ಯಾಬಿನ ಎರಡು ಗುಂಡಿ ಒಟ್ಟಿಗೆ ಒತ್ತಲು ಹೊರಟಿದ್ದೆ, ಅದರಲ್ಲೇ ಆ ಬೆಳಕೂ ಸಿಕ್ಕಿತು. ಅಂದಾನಿ ಅದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟಿದ್ದಾನೆ. ಜಗಲಿಯಲ್ಲಿ ಬಸವಣ್ಣನವರ ಪಟದ ಪಕ್ಕ ಇಟ್ಟು ದಿನಾ ವಿಭೂತಿ ಹಚ್ಚುತ್ತೇನೆ. ಬೆಳಗಿದ ಪರದೆಯ ಮೇಲೆ ಆರು ಅಂಕಿಗಳಿವೆ. ಕೂಡಿಸಿದರೆ ಇಪ್ಪತ್ತೇಳು, ಮತ್ತೆ ಕೂಡಿಸಿದರೆ ಒಂಬತ್ತು. ಒಂಬತ್ತು ಎಂದಿಗೂ ಕೆಡದ ಅಂಕಿ. ಇಷ್ಟೆಲ್ಲ ಆದ ಮೇಲೂ ದೇವರು ನಿನ್ನ ಕೈ ಬಿಡುತ್ತಾನೆಯೇ? ಊಟ ಮಾಡು, ನಿನ್ನಪ್ಪನಿಗೂ ಬಡಿಸು.

ನಿನ್ನ ಅತ್ತೆ
ನೀಲಗಂಗಮ್ಮ


ಅಣ್ಣಾ ನಗರ್
7 ನವೆಂಬರ್ 2025

ನೀಲತ್ತೆಗೆ ರಂಜನಿಯ ಶರಣು.

ನಿಮ್ಮ ಕಾಗದ ಓದಿದವಳು ಅಂಗಡಿಯವರೆಗೆ ಹೋಗಿ ಅಪ್ಪನಿಗೂ ಓದಿ ಹೇಳಿದೆ. ಅಪ್ಪ ಮೆಣಸಿನಕಾಯಿ ಚೀಲದ ಮೇಲೆ ಕೂತುಬಿಟ್ಟರು. ಒಂದೇ ಮಾತು ಕೇಳಿದರು: "ಅಕ್ಕಗ ಇದನ್ನ ಹೆಂಗ ಹೇಳ್ತೀಯವಾ?"

ಹೇಗೆ ಹೇಳಿದರೂ ನಿಮಗೆ ನೋಯುತ್ತದೆ, ಅದಕ್ಕೆ ನೇರವಾಗಿ ಬರೆಯುತ್ತೇನೆ. ಆ ಬೆಳಕು ಒಟಿಪಿ ಬಂದ ಬೆಳಕು ಅತ್ತೆ. ನೀವು ವಿಭೂತಿ ಹಚ್ಚುತ್ತಿರುವ ಆರು ಅಂಕಿಗಳೇ ನಮ್ಮ ಖಾತೆಯ ಕೀಲಿ. ಕಣ್ಣಿನ ಪಕ್ಕ ಇದ್ದ 2 ಎಂದರೆ ಒಬ್ಬರು ನೀವು. ಇನ್ನೊಬ್ಬರು ಅಪ್ಪ ಅಲ್ಲ, ಆಫೀಸಿನವರೆಲ್ಲ ಕೆಳಗಿದ್ದರು. ಇನ್ನೊಬ್ಬ ಅವನು. ನಾವು ಫೋನನ್ನು ಕ್ಯಾಮರಾಕ್ಕೆ ಎದುರಾಗಿ ಒರಗಿಸಿಟ್ಟು, ಪೂಜೆಗಿಟ್ಟದ್ದೆಂದು ಯಾರೂ ಮುಟ್ಟದೆ ಹೋದದ್ದನ್ನು ಅವನು ನೋಡಿದ. ತನ್ನ ಕಡೆಯಿಂದ ಪಾಸ್‌ವರ್ಡ್ ಬದಲಿಸಲು ಕೇಳಿದ. ಒಟಿಪಿ ಬಂತು, ಪರದೆ ಬೆಳಗಿತು. ಅಂಗಡಿಯ ಬೋರ್ಡು ಓದಿದ ಹಾಗೆ ಎಲ್ಲಿಂದಲೋ ಓದಿಕೊಂಡ.

ಆ ಖಾಲಿ ಕೋಣೆಯನ್ನು ಇಡೀ ಲೋಕದಲ್ಲಿ ನೀವಿಬ್ಬರೇ ನೋಡುತ್ತಿದ್ದಿರಿ. ಅವನು ವಿಡಿಯೋ ಅಳಿಸಿದ. ಉಳಿದಿರುವುದು ನಿಮ್ಮ ಟ್ಯಾಬಿನಲ್ಲಿರುವ ಆ ಒಂದು ಚಿತ್ರ ಮಾತ್ರ. ಅದರಲ್ಲಿ ಸಮಯ ಇರುತ್ತದೆ, ಅಂಕಿಗಳಿವೆ, ಕಣ್ಣಿನ ಗುರುತೂ ಇರುತ್ತದೆ, ನಾನು ಇಲ್ಲ.

ಕಟ್ಟು ಹಾಕಿದ ಚಿತ್ರ ಸಾಲದು, ತಿದ್ದಿದ್ದು ಎನ್ನಬಹುದು. ಟ್ಯಾಬನ್ನೇ ಕಳಿಸಿ. ಏನನ್ನೂ ಅಳಿಸಬೇಡಿ. ಜಗಲಿಯ ಮೇಲಿನ ಪಟವನ್ನು ಏನು ಮಾಡಬೇಕೆಂದು ನಾನು ಹೇಳಲಾರೆ.

ನಿಮ್ಮ
ರಂಜನಿ


ರಾಣೆಬೆನ್ನೂರು
11 ನವೆಂಬರ್ 2025

ಚಿ. ರಂಜನಿಗೆ,

ಟ್ಯಾಬು ಇದರ ಜೊತೆಗೇ ಇದೆ. ಅಂದಾನಿ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದಾನೆ. ಸೀರೆ ವಾಪಸು ಕಳಿಸು, ಟ್ಯಾಬು ಅವರು ಕೊಟ್ಟಾಗ ಬರಲಿ.

ಕಾಗದ ಓದಿ ಮೊದಲು ನಾಚಿಕೆಯಾಯಿತು. ಬ್ಯಾಂಕಿನವರು ನನಗೂ ಒಟಿಪಿ ಕಳಿಸುತ್ತಾರೆ. ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿರುತ್ತಾರೆ. ದೇವರ ಮುಂದೆ ಬಂದದ್ದಕ್ಕೆ ಗುರುತೇ ಹತ್ತಲಿಲ್ಲ. ಕಳ್ಳನ ಅಂಕಿಗೆ ಒಂದು ತಿಂಗಳು ವಿಭೂತಿ ಹಚ್ಚಿ, ಹರಕೆ ಬೇರೆ ಹೊತ್ತೆನಲ್ಲ ಎಂದು ಅಳು ಬಂತು. ನೀನು ಅಲ್ಲಿ ಬೇಯುತ್ತಿದ್ದೆ, ನಾನು ಇಲ್ಲಿ ಗುಟ್ಟು ಇಟ್ಟುಕೊಂಡು ಹಿಗ್ಗುತ್ತಿದ್ದೆ. ಮೊದಲ ಕಾಗದದಲ್ಲೇ ಬಾಯಿಬಿಟ್ಟಿದ್ದರೆ ನಿನ್ನಪ್ಪ ಇಷ್ಟು ದಿನ ಹಸಿದು ಮಲಗುತ್ತಿರಲಿಲ್ಲ.

ಪಟವನ್ನು ಜಗಲಿಯಿಂದ ಇಳಿಸಿದೆ. ಸುಮ್ಮನೆ ಇಳಿಸಬಾರದೆಂದು ಮಂಗಳಾರತಿ ಮಾಡಿ ಇಳಿಸಿದೆ, ಪಕ್ಕದ ಮನೆಯವರು ಏನೆಂದುಕೊಂಡರೋ. ಒಂದು ಮಾತು ನಿಮ್ಮ ಮೇಡಂಗೆ ಹೇಳು. ನೀನು ಡಬ್ಬಿ ಎತ್ತಿಕೊಂಡು ಹೋದದ್ದನ್ನು, ಆಮೇಲೆ ಫೋನು ಬೆಳಗಿದ್ದನ್ನು ನನ್ನ ಈ ಎರಡು ಕಣ್ಣಿನಿಂದ ನೋಡಿದ್ದೇನೆ. ಬರೆದು ಸಹಿ ಹಾಕಿ ಇಟ್ಟಿದ್ದೇನೆ, ಒಳಗಿದೆ. ಸಾಲದಿದ್ದರೆ ರೈಲು ಹತ್ತಿ ಬಂದು ಗಿಂಡಿಯಲ್ಲೇ ಹೇಳುತ್ತೇನೆ. ಅವರು ಕೇಳುವುದು ನನಗೆ ಕೇಳಿಸದಿದ್ದರೂ ನಾನು ಹೇಳುವುದು ಅವರಿಗೆ ಕೇಳಿಸುತ್ತದೆ.

ನಿನ್ನ ಅತ್ತೆ


ಅಣ್ಣಾ ನಗರ್
22 ನವೆಂಬರ್ 2025

ನೀಲತ್ತೆಗೆ ರಂಜನಿಯ ಶರಣು.

ವರದಿಯಲ್ಲಿ ನನ್ನ ಹೆಸರಿಲ್ಲ. ಸೋಮವಾರದಿಂದ ಕೆಲಸಕ್ಕೆ ಬಾ ಎಂದಿದ್ದಾರೆ. ಅಪ್ಪ ನಿನ್ನೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಪೊಲೀಸರು ಟ್ಯಾಬಿನ ಚಿತ್ರವನ್ನು ಫೋನಿನ ಮೆಸೇಜಿಗೆ ತಾಳೆ ಹಾಕಿದರು. ಆರಕ್ಕೆ ಆರೂ ಅಂಕಿ ಸರಿಹೋದವು. ನಿಮ್ಮ ಹೇಳಿಕೆಯನ್ನು ನಾನೇ ಸೀತಾ ಮೇಡಂಗೆ ತಮಿಳಿನಲ್ಲಿ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ಪೂಜೆ ಮುಗಿದಿತ್ತು, ಯಾರೂ ಇರಲಿಲ್ಲ, ನಿಮ್ಮತ್ತೆ ಆ ಖಾಲಿ ಕೋಣೆಯನ್ನು ಯಾಕೆ ನೋಡುತ್ತ ಕೂತಿದ್ದರು ಎಂದು ಕೇಳಿದರು. ದೀಪ ಉರಿಯುತ್ತಿತ್ತಲ್ಲ ಮೇಡಂ ಎಂದೆ. ಮೇಡಂ ವರದಿಯ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ "ಎಂಗಮ್ಮಾವುಂ ಅಪ್ಪಡಿತ್ತಾನ್" ಎಂದರು, ತಮ್ಮ ಅಮ್ಮನೂ ಹಾಗೇ ಅಂತೆ. ಸಹಿ ಹಾಕಿದರು.

ಕೆಲಸ ಕಾಯಂ ಆಗಿಲ್ಲ ಅತ್ತೆ, ಮೊದಲಿನ ಹಾಗೆ ಮಾರ್ಚ್‌ವರೆಗೆ. ಕಾಯಿಗಳನ್ನು ಉಳಿಸಿಕೊಳ್ಳಿ. ಇನ್ನು ಮುಂದೆ ಪೂಜೆಗೆ ಪೆನ್ನು, ಕೀಬೋರ್ಡು ಇಡಬಹುದು, ಫೋನು ಇಡಕೂಡದು ಎಂದು ಸುತ್ತೋಲೆ ಬಂದಿದೆ. ಕಳ್ಳ ಯಾರು, ಎಲ್ಲಿಯವನು, ಏನೂ ಗೊತ್ತಾಗಿಲ್ಲ. ನಮ್ಮ ಖಾತೆ ಮಾತ್ರ ವಾಪಸು ಬಂತು. ಪ್ರತಾಪ್ ನೀರಿನ ಮಟ್ಟ ಹಾಕಿದ ಕೂಡಲೇ ಮುಡಿಚೂರಿನ ತಾತ ಕೇಳಿದರಂತೆ, ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು.

ಸೀರೆ ಕಳಿಸಿದ್ದೇನೆ.

ನಿಮ್ಮ
ರಂಜನಿ


ರಾಣೆಬೆನ್ನೂರು
27 ನವೆಂಬರ್ 2025

ಚಿ. ರಂಜನಿಗೆ ಆಶೀರ್ವಾದ.

ಕಾಯಿಗಳನ್ನು ಉಳಿಸಿಕೊಳ್ಳಲಿಲ್ಲ. ಕಾಗದ ಬಂದ ದಿನವೇ ಗುಡಿಗೆ ಹೋಗಿ ಐದೂ ಒಡೆಸಿದೆ. ಹೊತ್ತದ್ದು ಕೆಲಸಕ್ಕೆಂದು, ತೀರಿಸಿದ್ದು ನಿನ್ನ ಹೆಸರಿಗೆಂದು. ದೇವರು ಲೆಕ್ಕ ಸರಿ ಮಾಡಿಕೊಳ್ಳುತ್ತಾನೆ.

ಇಳಿಸಿದ ಪಟವನ್ನು ಎಸೆಯಲು ಕೈ ಬರಲಿಲ್ಲ. ಬಾಗಿಲ ಹಿಂದೆ, ಕೀಲಿಕೈ ತೂಗುಹಾಕುವ ಮೊಳೆಯ ಪಕ್ಕ ಹಾಕಿದ್ದೇನೆ. ಹೋಗುತ್ತ ಬರುತ್ತ ಅವನ ನೆನಪಾಗುತ್ತದೆ. ಅವನೂ ಆ ದೀಪವನ್ನು ನೋಡಿದನಲ್ಲ, ಅವನಿಗೆ ಅದು ಏನೆನಿಸಿತೋ.

ಮುಂದಿನ ವರ್ಷ ಪರಮೇಶನ ಅಂಗಡಿಯ ಪೂಜೆಯನ್ನು ನೀನೇ ನೇರಪ್ರಸಾರ ಮಾಡು. ಅಷ್ಟು ಹೊತ್ತಿಗೆ ನನ್ನ ಟ್ಯಾಬು ಬಂದಿರುತ್ತದೆ, ನಾನು ಕೂತು ನೋಡುತ್ತೇನೆ. ಕಣ್ಣಿನ ಪಕ್ಕ 2 ಎಂದು ಕಂಡರೆ, ಮೊದಲು ನಿನಗೆ ಮೆಸೇಜು ಹಾಕಿ ಇನ್ನೊಬ್ಬರು ಯಾರೆಂದು ಕೇಳುತ್ತೇನೆ. ಆಮೇಲೆ ಕೈ ಮುಗಿಯುತ್ತೇನೆ.

ನಿನ್ನ ಅತ್ತೆ
ನೀಲಗಂಗಮ್ಮ